ನ್ಯಾಕ್ ಕಡತಕ್ಕೆ ನಿಮ್ಮ ಪ್ರಾಜೆಕ್ಟ್ ವರದಿ ಸೇರುವ ಮುನ್ನ

ಮುಂಬಯಿಯ ಕಾಲೇಜುಗಳಲ್ಲಿ ಪ್ರಾಜೆಕ್ಟ್ ಬರೆಯುತ್ತಿರುವ ಕನ್ನಡದ ವಿದ್ಯಾರ್ಥಿಗಳು, ಅದರಲ್ಲೂ ಜನರನ್ನು ಕಂಡು ಮಾತಾಡಿಸಿ ಮಾಹಿತಿ ಕಲೆಹಾಕುವವರು, ವರದಿಯನ್ನು ವಿಭಾಗಕ್ಕೆ ಒಪ್ಪಿಸುವ ಮೊದಲು ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಒಪ್ಪಿಸಿದ ಪ್ರತಿಯನ್ನು ಪರೀಕ್ಷಕರ ಹೊರತು ಬೇರೆ ಯಾರೂ ನೋಡುವುದಿಲ್ಲವೆಂದು ದಯವಿಟ್ಟು ನಂಬಬೇಡಿ.

ನನ್ನ ಎಂ.ಎ. ಪ್ರಾಜೆಕ್ಟ್ ಫೋರ್ಟ್ ಪರಿಸರದ ಕನ್ನಡ ರಾತ್ರಿಶಾಲೆಗಳನ್ನು ಕುರಿತದ್ದು. ಹಗಲೆಲ್ಲ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಪಾಠಕ್ಕೆ ಕೂತು ಓದು ಮುಗಿಸಿದ ಕುಂದಾಪುರ, ಕಾರ್ಕಳ ಕಡೆಯ ಹಿರಿಯರು ತಮ್ಮ ಬದುಕನ್ನು ನನ್ನೆದುರು ಬಿಚ್ಚಿಟ್ಟಿದ್ದರು. ಊರು ಬಿಟ್ಟ ವರ್ಷ, ಮೊದಲು ಕೆಲಸಕ್ಕೆ ನಿಂತ ಹೋಟೆಲು, ಅವರು ಯಾರಿಗೆ ಮನಿಯಾರ್ಡರ್ ಕಳಿಸುತ್ತಿದ್ದರೋ ಆ ತಮ್ಮನ ಹೆಸರು, ಈಗಿನ ಮನೆಯ ವಿಳಾಸ, ಫೋನ್ ನಂಬರು ಎಲ್ಲವೂ ವರದಿಯ ಅನುಬಂಧದಲ್ಲಿದ್ದವು. ಸಂದರ್ಶನಗಳು ನಿಜವಾಗಿ ನಡೆದಿವೆಯೇ ಎಂದು ಪರೀಕ್ಷಕರು ಖಚಿತಪಡಿಸಿಕೊಳ್ಳಲೆಂದು ವಿಭಾಗವೇ ಆ ವಿವರಗಳನ್ನು ಕಡ್ಡಾಯ ಮಾಡಿತ್ತು.

ಮುಂದೆ ಕಾಲೇಜು ನ್ಯಾಕ್ (ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟವನ್ನು ಅಳೆದು ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮೌಲ್ಯಮಾಪನಕ್ಕೆ ಅಣಿಯಾಯಿತು. 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಈ ಸಂಸ್ಥೆಯ ಮುಂದೆ ಕಾಲೇಜು ತನ್ನ ಬಗ್ಗೆ ತಾನೇ ಬರೆದ ಸ್ವಯಂ ಅಧ್ಯಯನ ವರದಿಯನ್ನು ಇಡಬೇಕಾಗುತ್ತದೆ. 2017ರಲ್ಲಿ ಪರಿಷ್ಕೃತ ಚೌಕಟ್ಟು ಬಂದ ಬಳಿಕ ಅಂಕಗಳ ಬಹುಪಾಲು ಅಂಕಿಅಂಶಗಳನ್ನೇ ಅವಲಂಬಿಸಿತ್ತು. ಆ ಅಂಕಿಅಂಶಗಳಿಗೆ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳಂಥ ದಾಖಲೆಗಳ ಆಧಾರ ಕೊಡಬೇಕು, ದಾಖಲೆಗಳನ್ನು ಹೊರಗಿನವರು ಪರಿಶೀಲಿಸುತ್ತಾರೆ, ಸ್ವಯಂ ಅಧ್ಯಯನ ವರದಿ ಕಾಲೇಜಿನ ಜಾಲತಾಣದಲ್ಲೂ ಇರಬೇಕು. ಇಷ್ಟು ಪಾರದರ್ಶಕತೆ ಬೇಕೇ ಬೇಕೆಂಬುದು ನನ್ನ ಅಭಿಪ್ರಾಯ, ವಿದ್ಯಾರ್ಥಿಗಳು ನಿಜವಾಗಿ ಏನು ಕಲಿತರೆಂದು ಹೊರಗಿನವರು ನೋಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಗಡುವು ಹತ್ತಿರ ಬಂದಾಗ ಕೈಗೆ ಸಿಕ್ಕ ಕಡತವನ್ನೆಲ್ಲ ಸ್ಕ್ಯಾನ್ ಮಾಡಿ ಏರಿಸುವ ಧಾವಂತದಲ್ಲಿ, ಆ ಪುಟಗಳಲ್ಲಿ ಯಾರ ಬದುಕಿದೆ ಎಂದು ನೋಡುವವರೇ ಇರುವುದಿಲ್ಲ.

ನನ್ನ ವರದಿ ಕಾಲೇಜಿನ ಜಾಲತಾಣದಲ್ಲಿದೆಯೆಂದು ಕಿರಿಯ ಸಹಪಾಠಿಯೊಬ್ಬರು ಲಿಂಕ್ ಕಳಿಸಿದ ಮೇಲಷ್ಟೇ ತಿಳಿಯಿತು. ತೆರೆದು ನೋಡಿದರೆ ಮೊದಲ ಪುಟವೇ ಬದಲಾಗಿತ್ತು. ನನ್ನ ಹೆಸರಿದ್ದ ಜಾಗದಲ್ಲಿ ವಿಭಾಗದ ಹೆಸರೂ ಕಾಲೇಜಿನ ಲಾಂಛನವೂ ಇದ್ದವು. ಕೃತಜ್ಞತೆಯ ಪುಟ ಮಾಯವಾಗಿತ್ತು. ಅನುಬಂಧ ಮಾತ್ರ ಇದ್ದ ಹಾಗೇ ಇತ್ತು, ಒಂದು ಅಂಕಿಯನ್ನೂ ಮರೆಮಾಡದೆ. ಉಳಿಯಬೇಕಾದ ಹೆಸರನ್ನು ಅಳಿಸಿ, ಅಳಿಸಬೇಕಾದ ನಂಬರುಗಳನ್ನು ಉಳಿಸಿದ್ದರು.

ಅದಾಗಿ ಕೆಲವು ವಾರಗಳಲ್ಲಿ, ಡೊಂಬಿವಲಿಯಲ್ಲಿರುವ ಹಿರಿಯರೊಬ್ಬರು ನನಗೆ ಫೋನ್ ಮಾಡಿದರು. ಬ್ಯಾಂಕಿನಿಂದ ಎಂದು ಹೇಳಿಕೊಂಡ ಯಾರೋ ಅವರ ಊರು, ತೀರಿಹೋದ ತಮ್ಮನ ಹೆಸರು ಎರಡನ್ನೂ ಹೇಳಿ ಒಟಿಪಿ ಕೇಳಿದ್ದರಂತೆ. ಪುಣ್ಯಕ್ಕೆ ಅವರು ಕೊಟ್ಟಿರಲಿಲ್ಲ. "ನಿನ್ನತ್ರ ಹೇಳಿದ್ದು ಅವ್ರಿಗೆ ಹ್ಯಾಂಗೆ ಗೊತ್ತಾಯ್ತು?" ಎಂದು ಕೇಳಿದರು. ಆ ಕರೆಯ ಮೂಲ ಇದೇ ಕಡತವೆಂದು ನಾನು ಸಾಬೀತು ಮಾಡಲಾರೆ; ಆದರೆ ಆ ಎರಡೂ ವಿವರಗಳು ಒಂದೇ ಪುಟದಲ್ಲಿ, ಯಾರು ಬೇಕಾದರೂ ತೆರೆದು ಓದುವಂತೆ ಇದ್ದವು. ನನ್ನನ್ನು ನಂಬಿ ಮಾತಾಡಿದವರು ಇನ್ನು ಮುಂದೆ ಯಾವ ವಿದ್ಯಾರ್ಥಿಯೊಂದಿಗೂ ಬಾಯಿ ಬಿಡಲಿಕ್ಕಿಲ್ಲ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಕಾಲೇಜಿಗೆ ಹೋಗಿ ಕೇಳಿದಾಗ, ಸ್ವಯಂ ಅಧ್ಯಯನ ವರದಿ ನ್ಯಾಕ್‌ಗೆ ಸಲ್ಲಿಕೆಯಾಗಿರುವುದರಿಂದ ಲಿಂಕ್ ಮುಟ್ಟುವಂತಿಲ್ಲ, ಮುಟ್ಟಿದರೆ ಅಂಕ ಹೋಗುತ್ತದೆ ಎಂಬ ಉತ್ತರ ಬಂತು. ಬಾಯಿಮಾತಿನಲ್ಲಿ ಕೇಳಿದಷ್ಟು ದಿನವೂ ಇದೇ ಮಾತು. ಕೊನೆಗೆ ಪ್ರಾಂಶುಪಾಲರಿಗೂ ನ್ಯಾಕ್ ಕೆಲಸ ನೋಡಿಕೊಳ್ಳುವ ಕಾಲೇಜಿನ ಆಂತರಿಕ ಗುಣಮಟ್ಟ ಕೋಶಕ್ಕೂ ಲಿಖಿತವಾಗಿ ಬರೆದು, ಪುಟಸಂಖ್ಯೆಗಳನ್ನು ಕಾಣಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡ ಮೇಲೆ ಅನುಬಂಧವನ್ನು ತೆಗೆದರು. ನನ್ನ ಹೆಸರು ಮಾತ್ರ ಇನ್ನೂ ಮರಳಿಲ್ಲ.

1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರೇ ಸಾಮಾನ್ಯವಾಗಿ ಕೃತಿಯ ಮೊದಲ ಒಡೆಯರು, ಹಕ್ಕನ್ನು ಬೇರೆಯವರಿಗೆ ವರ್ಗಾಯಿಸಬೇಕಾದರೆ ಸಹಿ ಮಾಡಿದ ಬರಹ ಬೇಕು. ಹಾಗೆ ವರ್ಗಾಯಿಸಿದ ಮೇಲೂ ಕೃತಿ ತನ್ನದೆಂದು ಹೇಳಿಕೊಳ್ಳುವ ಹಕ್ಕನ್ನು 57ನೆಯ ಕಲಮು ಲೇಖಕರಿಗೇ ಉಳಿಸುತ್ತದೆ. ಆದ್ದರಿಂದ ಪ್ರವೇಶದ ವೇಳೆ ಅಥವಾ ಪ್ರಾಜೆಕ್ಟ್ ಒಪ್ಪಿಸುವಾಗ ಮುಂದಿಡುವ ಅಚ್ಚಾದ ಹಾಳೆಯನ್ನು ಓದದೆ ಸಹಿ ಹಾಕಬೇಡಿ.

ಈಗ ಬರೆಯುತ್ತಿರುವವರು ಸಂದರ್ಶನ ಕೊಟ್ಟವರ ಹೆಸರು, ನಂಬರುಗಳನ್ನು ವರದಿಯೊಳಗೆ ಹೊಲಿಯದೆ ಬೇರೆ ಲಕೋಟೆಯಲ್ಲಿಟ್ಟು, ಪರೀಕ್ಷಕರು ನೋಡಿದ ಮೇಲೆ ಮರಳಿಸಬೇಕೆಂದು ಬರೆದು ಕೊಡಿ. ವರದಿಯಲ್ಲಿ ಸಂಕೇತಾಕ್ಷರಗಳು ಸಾಕು. ಮೊದಲ ಪುಟದ ಹಿಂದೆಯೇ, ಇದು ಪರೀಕ್ಷೆಗೆ ಮಾತ್ರ, ಬೇರೆ ಯಾವುದೇ ಪರಿಶೀಲನೆಗೆ ಬಳಸುವುದಾದರೆ ಲೇಖಕರ ಲಿಖಿತ ಒಪ್ಪಿಗೆ ಬೇಕು ಎಂದು ಸೇರಿಸಿ. ಒಪ್ಪಿಸಿದ ದಿನವೇ ಪೂರ್ತಿ ಪ್ರತಿಯನ್ನು ನಿಮ್ಮದೇ ಇಮೇಲ್‌ಗೆ ಕಳಿಸಿಕೊಂಡರೆ, ಮುಂದೆ ಮೊದಲ ಪುಟ ಬದಲಾದಾಗ ಮೂಲ ಯಾವುದೆಂದು ತೋರಿಸಬಹುದು. ಈಗಾಗಲೇ ಪದವಿ ಮುಗಿಸಿದವರು ಕಾಲೇಜಿನ ಜಾಲತಾಣದ ನ್ಯಾಕ್ ಪುಟದಲ್ಲಿ ತಮ್ಮ ವರದಿಯ ಶೀರ್ಷಿಕೆಯನ್ನೂ ಒಳಗಿನ ಒಂದೆರಡು ವಾಕ್ಯಗಳನ್ನೂ ಹುಡುಕಿ ನೋಡಿ, ಏಕೆಂದರೆ ಹೆಸರು ಅಳಿಸಿದ್ದರೆ ಹೆಸರಿನಿಂದ ಹುಡುಕಿದಾಗ ಅದು ಸಿಗುವುದಿಲ್ಲ. ಸಿಕ್ಕರೆ ಮೊದಲು ಪುಟಗಳ ಚಿತ್ರ ತೆಗೆದಿಟ್ಟುಕೊಂಡು, ಆಮೇಲೆ ದೂರು ಬರೆಯಿರಿ. ಓದುತ್ತಿರುವವರಿಗೆ ಕಾಲೇಜು ಉತ್ತರಿಸದಿದ್ದರೆ, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2023ರ ನಿಯಮಾವಳಿಯಂತೆ ರಚನೆಯಾಗಬೇಕಾದ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿಯಿದೆ, ಅದರ ಮೇಲೆ ಮೇಲ್ಮನವಿ ಆಲಿಸುವ ಒಂಬಡ್ಸ್‌ಪರ್ಸನ್ ಇದ್ದಾರೆ. ಅಲ್ಲಿಗೂ ಲಿಖಿತವಾಗಿಯೇ ಹೋಗಿ.