ಪಿಯುಸಿ ಮಾಡಿ ಬಿಇ, ಡಿಪ್ಲೊಮಾ ಮಾಡಿ ಬಿಇ: ಎರಡನ್ನೂ ಓದಿದವನ ಮಾತು

ಎಸ್ಎಸ್ಎಲ್‌ಸಿ ರಿಸಲ್ಟ್ ಬಂದ ಮೇಲೆ ನಮ್ಮ ಮಂಡ್ಯ ಕಡೆ ಮನೆಮನೆಯಲ್ಲೂ ಒಂದೇ ಪ್ರಶ್ನೆ: ಹುಡುಗ ಎಂಜಿನಿಯರ್ ಆಗಬೇಕು ಅಂತಾನೆ, ಪಿಯುಸಿಗೆ ಸೇರಿಸೋದಾ, ಡಿಪ್ಲೊಮಾಗಾ? ನಾನು ಮಂಡ್ಯದಲ್ಲಿ ಪಿಯುಸಿ ಸೈನ್ಸ್ ಮುಗಿಸಿದೆ. ಆಮೇಲೆ ಮೈಸೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾದ ಎರಡನೇ ವರ್ಷಕ್ಕೆ ನೇರವಾಗಿ ಸೇರಿದೆ. ಸೈನ್ಸ್ ಓದಿದವರಿಗೆ ಆ ಅವಕಾಶ ಇದೆ. ಅಲ್ಲಿಂದ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ಬಿಇ ಮಾಡಿದೆ.

ವರ್ಷದ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಪಿಯುಸಿ 2, ಬಿಇ 4. ಡಿಪ್ಲೊಮಾ 3, ಆಮೇಲೆ ಬಿಇ ಎರಡನೇ ವರ್ಷಕ್ಕೆ ಸೇರಿ ಇನ್ನು 3. ಎರಡೂ ಆರೇ.

ವ್ಯತ್ಯಾಸ ಇರುವುದು ಕಲಿಯುವ ರೀತಿಯಲ್ಲಿ. ಪಿಯುಸಿ ಲ್ಯಾಬಿನಲ್ಲಿ ಸಣ್ಣ ಅಳತೆ ತೆಗೆಯುವ ವರ್ನಿಯರ್ ಹಿಡಿದಿದ್ದೆ. ಅಳತೆ ತೆಗೆದು ಟೇಬಲ್‌ಗೆ ಬರೆದರೆ ಮುಗಿಯಿತು. ಡಿಪ್ಲೊಮಾ ವರ್ಕ್‌ಶಾಪಿನಲ್ಲಿ ಡ್ರಾಯಿಂಗ್ 25 ಮಿ.ಮೀ. ಅಂದರೆ ಶಾಫ್ಟ್ (ದುಂಡನೆಯ ಲೋಹದ ದಂಡ) 25ಕ್ಕೇ ಬರಬೇಕು. ಸ್ವಲ್ಪ ದಪ್ಪ ಉಳಿದರೆ ಇನ್ನೊಂದು ಕಟ್ ಕೊಡಬಹುದು. ಸಣ್ಣ ಆದರೆ ಆ ಪೀಸ್ ಹೋಯಿತು ಅಂತಲೇ ಲೆಕ್ಕ. ಲೇತ್‌ನಲ್ಲಿ ಫೇಸಿಂಗ್ ಮಾಡುವಾಗ, ಅಂದರೆ ತಿರುಗುವ ತುಂಡಿನ ಮುಖವನ್ನು ಕೆತ್ತಿ ಸಮ ಮಾಡುವಾಗ, ಟೂಲಿನ ತುದಿ ಸೆಂಟರ್‌ಗಿಂತ ಕೆಳಗಿದ್ದರೆ ಮುಖದ ನಡುವೆ ಒಂದು ಪುಟ್ಟ ಉಬ್ಬು ಉಳಿಯುತ್ತದೆ. ನಮ್ಮ ಮೇಷ್ಟ್ರು ಅದನ್ನು ಬೆರಳಿನಿಂದ ಸವರಿ ನೋಡಿ, ಟೂಲಿನ ಕೆಳಗೆ ತೆಳ್ಳನೆ ತಗಡು ಕೊಡು ಅನ್ನುತ್ತಿದ್ದರು. ಆಲೆಮನೆಯ ಗಾಣದ ಸವೆದ ಶಾಫ್ಟನ್ನು ಲೇತ್ ಅಂಗಡಿಯವರು ಹೇಗೆ ಸರಿಮಾಡುತ್ತಾರೆ ಅನ್ನೋದು ನನಗೆ ಆಗಲೇ ಅರ್ಥವಾದದ್ದು.

ಗಣಿತದಲ್ಲಿ ಮಾತ್ರ ಪಿಯುಸಿಯೇ ಮೇಲು, ಅನುಮಾನವೇ ಇಲ್ಲ. ಬಿಇ ಮೂರನೇ ಸೆಮಿಸ್ಟರಿನಲ್ಲಿ ಫೊರಿಯರ್ ಸೀರೀಸ್, ಲಾಪ್ಲಾಸ್ ಬಂದವು. ಫೊರಿಯರ್ ಗುಣಾಂಕ ತೆಗೆಯಲು ಪಿಯುಸಿ ಗಣಿತದ ಇಂಟಿಗ್ರೇಷನ್ ಬೈ ಪಾರ್ಟ್ಸ್ ಚೆನ್ನಾಗಿ ಬರಬೇಕು. ಎಸ್ಎಸ್ಎಲ್‌ಸಿಯಿಂದ ನೇರ ಡಿಪ್ಲೊಮಾಗೆ ಬಂದಿದ್ದ ಗೆಳೆಯರು ಅಲ್ಲಿ ತುಂಬಾ ಒದ್ದಾಡಿದರು. ಲ್ಯಾಟರಲ್ ಎಂಟ್ರಿಯವರಿಗೆ, ಅಂದರೆ ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ, ಅಂತಲೇ ಇದ್ದ ಹೆಚ್ಚುವರಿ ಗಣಿತವನ್ನೂ ನಾವೆಲ್ಲ ಪಾಸು ಮಾಡಬೇಕಿತ್ತು. ಅದೇ ಗೆಳೆಯರು, ತೊಲೆಯ ಮೇಲೆ ಭಾರ ಬಿದ್ದಾಗ ಅದನ್ನು ಬಗ್ಗಿಸುವ ಬಲದ ಲೆಕ್ಕ ತೋರಿಸುವ ಬೆಂಡಿಂಗ್ ಮೊಮೆಂಟ್ ಡಯಾಗ್ರಮ್ ಬಂದಾಗ, ಡಿಪ್ಲೊಮಾದಲ್ಲೇ ಕಲಿತಿದ್ದರಿಂದ ಮೊದಲನೇ ಬೆಂಚಿನವರಿಗೆ ಪಾಠ ಹೇಳಿಕೊಟ್ಟರು!

ಸೀಟಿನ ವಿಷಯ. ಪಿಯುಸಿಯವರ ರ‍್ಯಾಂಕಿಗೆ ಅರ್ಧ ಪಿಯುಸಿ ಅಂಕ, ಅರ್ಧ ಸಿಇಟಿ. ಮೈಸೂರಿನ ಎನ್ಐಇ, ಎಸ್‌ಜೆಸಿಇ, ಮಂಡ್ಯದ ಪಿಇಎಸ್ ಇಂಥ ಹಳೇ ಕಾಲೇಜುಗಳ ಮೇಲೆ ಎಲ್ಲರ ಕಣ್ಣು. ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಗ್ರಾಮೀಣ ಮತ್ತು ಕನ್ನಡ ಮಾಧ್ಯಮ ಮೀಸಲಾತಿಯ ಸರ್ಟಿಫಿಕೇಟನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ, ದಯವಿಟ್ಟು. ಪಿಯುಸಿ ಜೊತೆ ಕೋಚಿಂಗ್ ಖರ್ಚೂ ಸೇರಿಕೊಳ್ಳುತ್ತದೆ. ಸರ್ಕಾರಿ ಪಾಲಿಟೆಕ್ನಿಕ್‌ಗೆ ಎಸ್ಎಸ್ಎಲ್‌ಸಿ ಅಂಕ ಸಾಕು, ಫೀಸೂ ಕಡಿಮೆ.

ನನ್ನ ಪ್ರಕಾರ ತೀರ್ಮಾನ ಆಗಬೇಕಾದದ್ದು ಒಂದೇ ಪ್ರಶ್ನೆಯ ಮೇಲೆ. ಮನೆ ಪರಿಸ್ಥಿತಿಯಿಂದ ಓದು ನಡುವೆ ನಿಂತರೆ ಏನು ಗತಿ? ಬರೀ ಪಿಯುಸಿ ಹಿಡಿದು ಮೈಸೂರಿನ ಹೆಬ್ಬಾಳದ ಕಾರ್ಖಾನೆಗಳ ಗೇಟಿಗೆ ಹೋದರೆ ಎಂಜಿನಿಯರಿಂಗ್ ಕೆಲಸ ಸಿಗಲ್ಲ. ಡಿಪ್ಲೊಮಾ ಇದ್ದರೆ ಅಪ್ರೆಂಟಿಸ್ ಆಗಬಹುದು, ಜೂನಿಯರ್ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬಹುದು, ದುಡಿದು ಆಮೇಲೆ ಬಿಇ ಸೇರಬಹುದು. ರೈತರ ಮನೆಗೆ ಇದು ದೊಡ್ಡ ಆಸರೆ. ಹಾಗಾಗಿ ಕೈಕೆಲಸ ಇಷ್ಟಪಡುವ, ದುಡ್ಡಿನ ತಾಪತ್ರಯ ಇರುವ ಮನೆಯ ಮಕ್ಕಳಿಗೆ ನಾನು ಡಿಪ್ಲೊಮಾ ಅಂತಲೇ ಹೇಳುತ್ತೇನೆ. ಐಐಟಿ ಕನಸಿದ್ದರೆ, ಅಥವಾ ಎಂಜಿನಿಯರಿಂಗೋ ಮಂಡ್ಯದ ವಿ.ಸಿ. ಫಾರಂ ಕೃಷಿ ಕಾಲೇಜಿನಲ್ಲಿ ಬಿಎಸ್ಸಿ ಅಗ್ರಿಯೋ ಅಂತ ಇನ್ನೂ ಗೊಂದಲ ಇದ್ದರೆ ಪಿಯುಸಿಯೇ ಸರಿ.

ಡಿಪ್ಲೊಮಾ ಆರಿಸಿಕೊಂಡವರು ಕೊನೇ ಸೆಮಿಸ್ಟರಿನಲ್ಲೇ ದ್ವಿತೀಯ ಪಿಯುಸಿ ಗಣಿತ ಪುಸ್ತಕದ ಎರಡನೇ ಭಾಗ ತೆಗೆದುಕೊಳ್ಳಿ. ಇಂಟಿಗ್ರೇಷನ್ ಅಲ್ಲೇ ಶುರುವಾಗುತ್ತದೆ. ಉದಾಹರಣೆಗಳನ್ನೆಲ್ಲ ಪೆನ್ನು ಹಿಡಿದು ಮಾಡಿ.