ಬೆನ್ನ ಹಿಂದಿನ ಕಾರು ಕಾಣಬೇಕು ಅಂದರೆ: ಗಾರ್ಮಿನ್ ವೇರಿಯಾ ರಾಡಾರ್ ಜೊತೆ 8 ತಿಂಗಳು

ಮೊದಲು ಇದನ್ನು ಯಾಕೆ ಕೊಂಡೆ ಅಂತ ಹೇಳಿಬಿಡ್ತೀನಿ. ಇಲ್ಲದಿದ್ದರೆ ಸೈಕಲ್ಲಿನ ಒಂದು ಹಿಂದಿನ ದೀಪಕ್ಕೆ ಇಷ್ಟು ದುಡ್ಡು ಯಾಕೆ ಅಂತ ನೀವು ಕೇಳಿಯೇ ಕೇಳ್ತೀರಿ.

ನಾನು ಯಲಹಂಕದಲ್ಲಿರುವವನು. ವಾರದಲ್ಲಿ ಮೂರು ದಿನ ಆಫೀಸಿಗೆ ಸೈಕಲ್, ಭಾನುವಾರ ಬೆಳಗಿನ ಜಾವ ನಂದಿ ಬೆಟ್ಟದ ಕಡೆ. ಕಳೆದ ವರ್ಷ ಒಂದು ಭಾನುವಾರ ದೇವನಹಳ್ಳಿಗೆ ಇನ್ನೂ ಸ್ವಲ್ಪ ದೂರವಿತ್ತು. ಬೆಳಗಾಗಿತ್ತು, ಮಂಜು ಇರಲಿಲ್ಲ, ರಸ್ತೆ ನೇರವಾಗಿತ್ತು. ನಾನು ಎಡಗಡೆ ಬಿಳಿ ಗೆರೆಯ ಆಚೆಗೇ ಇದ್ದೆ. ಮೈಮೇಲೆ ಕೆಂಪು ಜೆರ್ಸಿ, ಹಿಂದೆ ಮಿನುಗುವ ದೀಪ. ಆದರೂ ಒಂದು ಕಾರಿನ ಕನ್ನಡಿ ನನ್ನ ಮೊಣಕೈ ಸವರಿಕೊಂಡು ಹೋಯಿತು. ಬೀಳಲಿಲ್ಲ. ಸೈಕಲ್ ಅತ್ತಿತ್ತ ಓಲಾಡಿ ಮಣ್ಣಿಗೆ ಇಳಿದು ನಿಂತಿತು. ಕಾರು ಮುಂದೆ ಹೋಗಿ ನಿಂತಿತು, ಒಬ್ಬ ಹುಡುಗ ಇಳಿದು ಓಡಿ ಬಂದ, ಅವನ ಕೈ ನನ್ನ ಕೈಗಿಂತ ಜಾಸ್ತಿ ನಡುಗುತ್ತಿತ್ತು.

"ಸಾರಿ ಸಾರ್, ಮ್ಯಾಪ್ ನೋಡ್ತಿದ್ದೆ. ನೀವು ಕಾಣಲೇ ಇಲ್ಲ."

ನೀರು ಕೊಟ್ಟ, ಆಸ್ಪತ್ರೆಗೆ ಹೋಗೋಣ ಬನ್ನಿ ಅಂದ. ಒಳ್ಳೆಯ ಹುಡುಗ. ಕುಡಿದಿರಲಿಲ್ಲ, ರೇಸ್ ಮಾಡುತ್ತಿರಲಿಲ್ಲ. ನನಗೆ ಅಂದಿನಿಂದ ತಲೆಯಲ್ಲಿ ಕೂತಿರುವುದು ಇದೇ. ಕೆಟ್ಟವನಿಂದ ಪಾರಾಗುವ ದಾರಿ ಬೇರೆ. ಒಳ್ಳೆಯವನೇ ಮೂರು ಸೆಕೆಂಡು ಫೋನ್ ನೋಡಿದರೆ ನಾನು ಏನು ಮಾಡಬೇಕು?

ಸುಮ್ನೆ ಲೆಕ್ಕ ಹಾಕಿ ನೋಡಿ. 60 ಕಿಲೋಮೀಟರ್ ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆ. ಮೂರು ಸೆಕೆಂಡಿಗೆ 50 ಮೀಟರ್. ಅಷ್ಟು ದೂರ ಕಣ್ಣು ಕಟ್ಟಿಕೊಂಡು ಕಾರು ಓಡಿಸಿದ ಹಾಗೆ. ಆ 50 ಮೀಟರಿನ ಒಳಗೆ ಒಂದು ಸೈಕಲ್ ಇದ್ದರೆ, ಅದರ ದೀಪ ಎಷ್ಟೇ ಮಿನುಗಲಿ, ನೋಡುವ ಕಣ್ಣೇ ರಸ್ತೆಯ ಮೇಲೆ ಇಲ್ಲ ಅಲ್ವಾ? ಅಲ್ಲಿಯವರೆಗೆ ನಾನು ನಂಬಿದ್ದು "ಎದ್ದು ಕಾಣುವ ಹಾಗಿದ್ದರೆ ಸಾಕು" ಅಂತ. ಅದು ಸಾಲದು ಅಂತ ಆವತ್ತು ಗೊತ್ತಾಯಿತು. ನಾನು ಅವರಿಗೆ ಕಾಣುವುದರ ಜೊತೆಗೆ ಅವರೂ ನನಗೆ ಕಾಣಬೇಕು.

ಹಾಗಾಗಿ ಕೊಂಡಿದ್ದು ಗಾರ್ಮಿನ್ ವೇರಿಯಾ ಆರ್‌ಟಿಎಲ್ 515. ನೋಡಲು ಉದ್ದನೆಯ ಹಿಂದಿನ ದೀಪದ ಹಾಗೆಯೇ ಇದೆ, ಸೀಟಿನ ಕೆಳಗಿನ ಕಂಬಕ್ಕೆ ರಬ್ಬರ್ ಪಟ್ಟಿಯಲ್ಲಿ ಕಟ್ಟಿ, ತಿರುಗಿಸಿ ಕೂರಿಸಿದರೆ ಆಯಿತು. ತೂಕ 71 ಗ್ರಾಂ. ದೀಪದ ಜೊತೆ ಒಳಗೊಂದು ಪುಟ್ಟ ರಾಡಾರ್ ಇದೆ. ಹಿಂದಿನಿಂದ ಬರುವ ವಾಹನವನ್ನು 140 ಮೀಟರ್ ದೂರದಿಂದಲೇ ಹಿಡಿಯಬಲ್ಲದು. ಹಿಡಿದದ್ದನ್ನು ಫೋನಿಗೋ, ಹ್ಯಾಂಡಲ್ ಮೇಲೆ ಕೂರಿಸುವ, ವೇಗ ದೂರ ತೋರಿಸುವ ಪುಟ್ಟ ಸೈಕಲ್ ಕಂಪ್ಯೂಟರಿಗೋ ಕಳಿಸುತ್ತದೆ. ಪರದೆಯ ಅಂಚಿನಲ್ಲಿ ಒಂದು ಪಟ್ಟಿ, ಅದರ ಕೆಳಗಿನಿಂದ ಒಂದು ಚುಕ್ಕೆ ಮೇಲೆ ಹತ್ತುತ್ತಾ ಬರುತ್ತದೆ. ಆ ಚುಕ್ಕೆಯೇ ಕಾರು. ಹಿಂದೆ ಏನೂ ಇಲ್ಲ ಅಂದರೆ ಹಸಿರು, ಬರುತ್ತಿದೆ ಅಂದರೆ ಹಳದಿ, ಜೋರಾಗಿ ನುಗ್ಗುತ್ತಿದೆ ಅಂದರೆ ಕೆಂಪು. ಜೊತೆಗೆ ಬೀಪ್ ಶಬ್ದ.

140 ಮೀಟರ್ ಅಂದರೆ ಎಷ್ಟು ಹೊತ್ತು? ನಾನು 25ರಲ್ಲಿ ಹೋಗ್ತಿದ್ದೀನಿ, ಕಾರು 85ರಲ್ಲಿ ಬರ್ತಿದೆ ಅಂದುಕೊಳ್ಳಿ. ನಮ್ಮಿಬ್ಬರ ನಡುವಿನ ವೇಗದ ವ್ಯತ್ಯಾಸ 60. ಅದು ನನ್ನನ್ನು ಮುಟ್ಟಲು ಎಂಟು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಎಂಟು ಸೆಕೆಂಡಿನಲ್ಲಿ ತಿರುಗಿ ನೋಡಬಹುದು, ಗುಂಡಿ ಇದ್ದರೆ ಅದನ್ನು ಬಲಕ್ಕೆ ತಪ್ಪಿಸುವ ಬದಲು ವೇಗ ಕಡಿಮೆ ಮಾಡಬಹುದು, ತೀರಾ ಬೇಕಾದರೆ ಮಣ್ಣಿಗೆ ಇಳಿಯಬಹುದು. ಗಾಳಿ ಎದುರಿನಿಂದ ಬೀಸುವ ದಿನ ಹಿಂದಿನ ಕಾರಿನ ಸದ್ದು ಕಿವಿಗೆ ಬೀಳುವುದು ತೀರಾ ಹತ್ತಿರ ಬಂದ ಮೇಲೆ. ಎಲೆಕ್ಟ್ರಿಕ್ ಕಾರುಗಳಂತೂ ಪಕ್ಕಕ್ಕೆ ಬರುವವರೆಗೂ ಗೊತ್ತಾಗುವುದೇ ಇಲ್ಲ.

ಈಗ ಮುಖ್ಯವಾದ ಮಾತು. ಕಂಪನಿಯವರ ಜಾಹೀರಾತಿನಲ್ಲಿ ನಾನು ಇದನ್ನು ಓದಿರಲಿಲ್ಲ, ಬಳಸುತ್ತಾ ಬಳಸುತ್ತಾ ಕಲಿತೆ. ಆ ಚುಕ್ಕೆ ಹೇಗೆ ಹತ್ತುತ್ತದೆ ಅನ್ನುವುದರಲ್ಲೇ ಡ್ರೈವರ್ ಎಲ್ಲಿ ನೋಡುತ್ತಿದ್ದಾನೆ ಅನ್ನುವುದು ಸುಮಾರಾಗಿ ತಿಳಿಯುತ್ತದೆ. ಸೈಕಲ್ ಕಂಡ ಡ್ರೈವರ್ ಏನು ಮಾಡುತ್ತಾನೆ? ಆಕ್ಸಿಲರೇಟರ್ ಮೇಲಿನ ಕಾಲು ಸ್ವಲ್ಪ ಸಡಿಲ ಬಿಡುತ್ತಾನೆ, ಎದುರಿನಿಂದ ಯಾರಾದರೂ ಬರುತ್ತಿದ್ದಾರಾ ಅಂತ ನೋಡುತ್ತಾನೆ, ಆಮೇಲೆ ಬಲಕ್ಕೆ ಸರಿಯುತ್ತಾನೆ. ಚುಕ್ಕೆ ಅರ್ಧ ದಾರಿಯಲ್ಲಿ ಒಂದು ಕ್ಷಣ ತಡೆದ ಹಾಗೆ ಆಗುತ್ತದೆ. ನೋಡದೇ ಇರುವವನ ಚುಕ್ಕೆ ತಡೆಯುವುದಿಲ್ಲ. ಒಂದೇ ಸಮನೆ ಹತ್ತುತ್ತಾ ಬರುತ್ತದೆ. ಎರಡು ಲೇನ್ ಖಾಲಿ ಇರುವ ಹೈವೇಯಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಎಲ್ಲರೂ ಒಂದೇ ವೇಗದಲ್ಲಿ ಪಕ್ಕದ ಲೇನಿನಿಂದ ಹೋಗಿಬಿಡುತ್ತಾರೆ. ಆದರೆ ನಂದಿ ಕ್ರಾಸ್ ದಾಟಿದ ಮೇಲಿನ ಕಿರಿದಾದ ರಸ್ತೆಯಲ್ಲಿ, ಎದುರಿನಿಂದಲೂ ಗಾಡಿ ಬರುತ್ತಿರುವಾಗ, ಹಿಂದಿನ ಚುಕ್ಕೆ ತಡೆಯದೆ ಬಂದರೆ ನಾನು ಯೋಚನೆ ಮಾಡಲು ನಿಲ್ಲುವುದಿಲ್ಲ. ಸೀದಾ ಮಣ್ಣಿಗೆ. ಈ 8 ತಿಂಗಳಲ್ಲಿ ಹಾಗೆ ನಾಲ್ಕು ಸಲ ಇಳಿದಿದ್ದೇನೆ. ಅದರಲ್ಲಿ ಎರಡು ಸಲ ಹಾದುಹೋದ ಕಾರಿನ ಡ್ರೈವರ್ ಕೈಯಲ್ಲಿ ಫೋನ್ ಇದ್ದದ್ದನ್ನು ಕಣ್ಣಾರೆ ನೋಡಿದೆ. ಒಬ್ಬರು ಸ್ಟೀರಿಂಗ್ ಮೇಲೆಯೇ ಇಟ್ಟುಕೊಂಡು ಟೈಪ್ ಮಾಡುತ್ತಿದ್ದರು. ಇನ್ನೊಬ್ಬರು ಸೂರ್ಯೋದಯದ ವಿಡಿಯೋ ಮಾಡುತ್ತಿದ್ದರು.

ಭಾನುವಾರದ ನಂದಿ ರಸ್ತೆ ಗೊತ್ತಿಲ್ಲದವರಿಗೆ ಒಂದು ಮಾತು. ಬೆಳಗಿನ ಜಾವ ಗೇಟಿನ ಹತ್ತಿರ ಸಾಲು ಬೆಳೆಯುವ ಮುಂಚೆ ಮೇಲೆ ಹೋಗಬೇಕು ಅಂತ ಎಲ್ಲರಿಗೂ ಅವಸರ. ರಾತ್ರಿ ಸರಿಯಾಗಿ ನಿದ್ದೆ ಇಲ್ಲ, ಕಾರಿನಲ್ಲಿ ಐದು ಜನ, ಹಾಡು, ಮ್ಯಾಪ್, ಹಿಂದಿನ ಕಾರಿನಲ್ಲಿ ಬರುತ್ತಿರುವ ಗೆಳೆಯರ ಫೋನ್. ಅದೇ ಹೊತ್ತಿಗೆ ಅದೇ ರಸ್ತೆಯಲ್ಲಿ ನಾವು ಸೈಕಲ್ ಮೇಲೆ. ಹಿಂದಿರುಗುವಾಗ ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಕ್ಯಾಬ್‌ಗಳು. ಆ ಡ್ರೈವರ್‌ಗಳ ಮೇಲೆ ನನಗೆ ಸಿಟ್ಟಿಗಿಂತ ಸಂಕಟವೇ ಜಾಸ್ತಿ. ಮುಂದಿನ ಟ್ರಿಪ್ ಬಂತು ಅಂತ ಫೋನ್ ಸದ್ದು ಮಾಡುತ್ತದೆ, ಕೆಲವೇ ಸೆಕೆಂಡಿನಲ್ಲಿ ಒಪ್ಪಿಕೊಳ್ಳದಿದ್ದರೆ ಅದು ಇನ್ನೊಬ್ಬರ ಪಾಲಾಗುತ್ತದೆ. ಓಡುತ್ತಿರುವ ಗಾಡಿಯಲ್ಲಿ ಅವರ ಅನ್ನವನ್ನು ಪರದೆಯ ಮೇಲೆ ಇಟ್ಟು, ಕಣ್ಣು ಮಾತ್ರ ರಸ್ತೆಯ ಮೇಲಿರಲಿ ಅಂದರೆ ಹೇಗೆ? ಇದನ್ನು ಸರಿಮಾಡಬೇಕಾದವರು ಆಪ್ ಮಾಡುವವರು.

ಕಾನೂನು ಇಲ್ಲ ಅಂತಲ್ಲ. 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ನಲ್ಲಿ, ಫೋನ್ ಕೈಯಲ್ಲಿ ಹಿಡಿದು ಗಾಡಿ ಓಡಿಸುವುದು ಅಪಾಯಕಾರಿ ಚಾಲನೆ ಅಂತಲೇ ಲೆಕ್ಕ. ಮೊದಲ ಸಲ ಸಿಕ್ಕಿದರೆ 1,000ದಿಂದ 5,000 ರೂಪಾಯಿವರೆಗೆ ದಂಡ, ಆರು ತಿಂಗಳಿಂದ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. 2020ರಲ್ಲಿ ನಿಯಮ ಬದಲಾಗಿ ದಾರಿ ನೋಡಲು ಮಾತ್ರ ಫೋನ್ ಬಳಸಬಹುದು ಅಂತಾಯಿತು, ಅದೂ ಡ್ರೈವಿಂಗ್ ಮೇಲಿನ ಗಮನ ಕೆಡದ ಹಾಗೆ. ಕೊನೆಯ ಈ ಮಾತನ್ನು ಯಾರೂ ಓದಿದ ಹಾಗೆ ಕಾಣುವುದಿಲ್ಲ. ನನ್ನ ಮೊಣಕೈಗೆ ತಗುಲಿದ್ದೂ ಮ್ಯಾಪ್ ನೋಡುತ್ತಿದ್ದವನ ಕಾರೇ.

ಈಗ ಇದರಿಂದ ಆಗದೇ ಇರುವ ಕೆಲಸಗಳು. ದಯವಿಟ್ಟು ಈ ಭಾಗ ಬಿಡದೆ ಓದಿ, ಯಾಕೆಂದರೆ ರಾಡಾರ್ ಇದೆ ಅಂತ ಧೈರ್ಯ ಬಂದುಬಿಟ್ಟರೆ ಅದೇ ಅಪಾಯ.

ಇದು ಹಿಂದೆ ಮಾತ್ರ ನೋಡುತ್ತದೆ. ನಿಂತ ಕಾರಿನ ಬಾಗಿಲು ಪಕ್ಕನೆ ತೆರೆದರೆ ಇದಕ್ಕೆ ಗೊತ್ತಾಗುವುದಿಲ್ಲ. ಊರೊಳಗೆ ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಇದರದ್ದೇ. ಬೇಕರಿ ಮುಂದೆ ಕಾರು ನಿಲ್ಲಿಸಿ, ಫೋನ್ ನೋಡುತ್ತಲೇ ಬಾಗಿಲು ತಳ್ಳುತ್ತಾರೆ. ಅದಕ್ಕೆ ಇರುವ ಮದ್ದು ಒಂದೇ, ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ದೂರದಲ್ಲಿ ಹೋಗುವುದು. ಹಿಂದಿನವರು ಹಾರ್ನ್ ಹೊಡೆದರೂ ಪರವಾಗಿಲ್ಲ. ಅಡ್ಡರಸ್ತೆಯಿಂದ ನುಗ್ಗುವ ಸ್ಕೂಟರ್, ರಾಂಗ್ ಸೈಡಿನಲ್ಲಿ ಎದುರಿಗೇ ಬರುವ ಬೈಕು, ಎದುರಿನ ಲಾರಿಯನ್ನು ಓವರ್‌ಟೇಕ್ ಮಾಡಿ ನಮ್ಮ ಮುಖಕ್ಕೇ ಬರುವ ಕಾರು, ಇವು ಯಾವುದೂ ಇದರ ಲೆಕ್ಕಕ್ಕೆ ಬರುವುದಿಲ್ಲ.

ಇನ್ನೊಂದು, ರಾಡಾರ್ ಹಿಡಿಯುವುದು ವೇಗದ ವ್ಯತ್ಯಾಸವನ್ನು. ನಿಮ್ಮ ಹಿಂದೆ ನಿಮ್ಮದೇ ವೇಗದಲ್ಲಿ ಬರುತ್ತಿರುವ ಗಾಡಿಯನ್ನು ಇದು ತೋರಿಸುವುದಿಲ್ಲ. ಒಂದು ಟೆಂಪೊ ನಿಮ್ಮ ಹಿಂದೆ ನಿಧಾನವಾಗಿ ಬರುತ್ತಿದ್ದರೆ ಚುಕ್ಕೆ ಮಾಯವಾಗಿ ಹಸಿರು ಬಂದುಬಿಡಬಹುದು. ಹಸಿರು ಬಂತು ಅಂತ ತಿರುಗಿ ನೋಡದೆ ಬಲಕ್ಕೆ ಎಳೆದರೆ ಕಥೆ ಮುಗಿಯಿತು. ಹಾಗಾಗಿ ಬಲಕ್ಕೆ ಹೋಗುವ ಮುಂಚೆ ಕತ್ತು ತಿರುಗಿಸಿ ನೋಡುವುದನ್ನು ಬಿಡಲೇಬಾರದು. ಬೆಟ್ಟದ ತಿರುವುಗಳಲ್ಲೂ ಹೀಗೇ, ರಾಡಾರ್‌ಗೆ ಗಾಡಿ ನೇರಕ್ಕೆ ಸಿಗಬೇಕು, ತಿರುವಿನ ಆಚೆ ಇರುವುದು ಸಿಗುವುದಿಲ್ಲ, ತಿರುವು ಮುಗಿಸಿ ಬಂದ ಮೇಲಷ್ಟೇ ಬೀಪ್. ಅಷ್ಟರಲ್ಲಿ ಅದು ಹತ್ತಿರ ಬಂದಿರುತ್ತದೆ.

ಹೆಬ್ಬಾಳ, ಮೇಖ್ರಿ ಸರ್ಕಲ್ ಕಡೆಯ ಸಂಜೆ ಟ್ರಾಫಿಕ್ಕಿನಲ್ಲಿ ಬೀಪ್ ನಿಲ್ಲುವುದೇ ಇಲ್ಲ. ಅದು ಇದರ ತಪ್ಪಲ್ಲ, ನಿಜವಾಗಿಯೂ ಹಿಂದೆ ಅಷ್ಟು ಗಾಡಿಗಳಿವೆ! ಆಫೀಸಿಗೆ ಹೋಗುವಾಗ ನಾನು ಶಬ್ದ ಆಫ್ ಮಾಡಿ ದೀಪವನ್ನು ಮಾತ್ರ ಬಳಸುತ್ತೇನೆ. ಬರೀ ಊರೊಳಗೆ ಸೈಕಲ್ ತುಳಿಯುವವರು ಇದಕ್ಕೆ ದುಡ್ಡು ಹಾಕಬೇಡಿ. ಹ್ಯಾಂಡಲ್‌ಗೆ ಒಂದು ಕನ್ನಡಿ ಹಾಕಿಸಿ, ಸಾಕು.

ಮೊದಲ ಎರಡು ವಾರ ನಾನು ಫೋನನ್ನೇ ಹ್ಯಾಂಡಲ್ ಮೇಲೆ ಕಟ್ಟಿಕೊಂಡು ಚುಕ್ಕೆ ನೋಡುತ್ತಿದ್ದೆ. ಚಿಕ್ಕಜಾಲದ ಹತ್ತಿರ ಒಂದು ದಿನ ಚುಕ್ಕೆಯ ಪಕ್ಕದಲ್ಲೇ ವಾಟ್ಸಾಪ್ ಮೆಸೇಜ್ ಬಂತು. ಓದಿದೆ. ತಲೆ ಎತ್ತುವಷ್ಟರಲ್ಲಿ ಹಂಪ್ ಎದುರಿಗಿತ್ತು. ನಾನು ಯಾವುದಕ್ಕೆ ಹೆದರಿ ಇದನ್ನು ಕೊಂಡೆನೋ ಅದನ್ನೇ ನಾನೂ ಮಾಡುತ್ತಿದ್ದೆ. ಮಾರನೇ ದಿನವೇ ಫೋನ್ ಜೇಬಿಗೆ ಹೋಯಿತು. ಈಗ ಸಣ್ಣ ಸೈಕಲ್ ಕಂಪ್ಯೂಟರ್ ಇದೆ, ಮೆಸೇಜ್ ಬರದ ಹಾಗೆ ಮಾಡಿಟ್ಟಿದ್ದೇನೆ. ಬೀಪ್ ಆದಾಗ ಮಾತ್ರ ಒಂದು ನೋಟ. ಅದು ಇಲ್ಲದವರು ಫೋನ್ ಆಪ್ ಹಾಕಿಕೊಂಡು ಶಬ್ದವನ್ನಷ್ಟೇ ಕೇಳಿ, ಪರದೆ ನೋಡಬೇಡಿ.

ಉಳಿದ ವಿಷಯ ಬೇಗ ಮುಗಿಸ್ತೀನಿ. ಹಗಲಿನ ಮಿನುಗು ದೀಪದಲ್ಲಿ ಬ್ಯಾಟರಿ 16 ಗಂಟೆವರೆಗೆ, ಒಂದೇ ಸಮನೆ ಉರಿಯುವಂತೆ ಇಟ್ಟರೆ 6 ಗಂಟೆ ಅಂತ ಕಂಪನಿ ಹೇಳುತ್ತದೆ. ನಾನು ವಾರಕ್ಕೆ ಒಂದು ಸಲ ಚಾರ್ಜ್‌ಗೆ ಹಾಕ್ತೀನಿ. ಚಾರ್ಜಿಂಗ್ ಹಳೆಯ ಮೈಕ್ರೋ ಯುಎಸ್‌ಬಿಯದ್ದು, ಆ ಕೇಬಲ್ ಜೋಪಾನ. ಮಳೆಯಲ್ಲಿ ನೆನೆದಿದೆ, ಏನೂ ಆಗಿಲ್ಲ. ಸೀಟಿನ ಕೆಳಗೆ ದೊಡ್ಡ ಚೀಲ ಕಟ್ಟುವವರು ರಾಡಾರ್‌ಗೆ ಅಡ್ಡ ಬರದ ಹಾಗೆ ನೋಡಿಕೊಳ್ಳಿ, ಮಳೆ ಕೋಟಿನ ತುದಿ ಕೂಡ ಅಡ್ಡ ಬರಬಾರದು.

ಬೆಲೆ ಜಾಸ್ತಿ. ಇದೇ ದುಡ್ಡಿಗೆ ಒಂದು ಒಳ್ಳೆಯ ಗೇರ್ ಸೈಕಲ್ಲೇ ಬರುತ್ತದೆ. ಅದಕ್ಕೇ ಹೇಳ್ತೀನಿ, ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಮೊದಲು ಹಗಲಲ್ಲೂ ಕಾಣುವ ಹಿಂದಿನ ದೀಪ, ಆಮೇಲೆ ಕನ್ನಡಿ, ಕಾಲಿನ ಗಂಟಿನ ಹತ್ತಿರ ಕಟ್ಟುವ ಹೊಳೆಯುವ ಪಟ್ಟಿ. ಕಾಲು ಮೇಲೆ ಕೆಳಗೆ ಆಡುವಾಗ ಆ ಪಟ್ಟಿ ಆಡುತ್ತದಲ್ಲ, ರಾತ್ರಿ ದೂರದಿಂದಲೇ ಇದು ಮನುಷ್ಯ ಅಂತ ಡ್ರೈವರ್‌ಗೆ ಗೊತ್ತಾಗುತ್ತದೆ. ಇವೆಲ್ಲ ಆದ ಮೇಲೆ, ಹೈವೇಯಲ್ಲೋ ಹಳ್ಳಿ ರಸ್ತೆಯಲ್ಲೋ ದೂರ ದೂರ ಹೋಗುವವರಾಗಿದ್ದರೆ, ರಾಡಾರ್ ಕೊಳ್ಳಿ. ನಾನಂತೂ ಇದಿಲ್ಲದೆ ಈಗ ದೇವನಹಳ್ಳಿ ದಾಟುವುದಿಲ್ಲ. ಐದಕ್ಕೆ ನಾಲ್ಕು ಕೊಡ್ತೀನಿ. ಕಡಿಮೆಯಾದ ಒಂದು ಬೆಲೆಗೆ.

ನಮ್ಮ ಮನೆಯವಳು ಇದಕ್ಕೆ ಐದಕ್ಕೆ ಐದು ಕೊಟ್ಟಿದ್ದಾಳೆ. ಮೊಣಕೈ ಊದಿಕೊಂಡು ಮನೆಗೆ ಬಂದ ದಿನ ಅವಳು ಏನೂ ಮಾತಾಡಿರಲಿಲ್ಲ, ಐಸ್ ಕಟ್ಟಿ ಸುಮ್ಮನೆ ಪಕ್ಕದಲ್ಲಿ ಕೂತಿದ್ದಳು. ಈಗ ಭಾನುವಾರ ನಾಲ್ಕೂವರೆಗೆ ಬಾಗಿಲು ಹಾಕಿಕೊಳ್ಳುವಾಗ "ಹಿಂದಿನದು ಚಾರ್ಜ್ ಆಗಿದೆಯೇನ್ರೀ?" ಅಂತ ಕೇಳ್ತಾಳೆ.

ಕೊಳ್ಳುವ ಮುಂಚೆ ಒಂದು ಸಲ ನೋಡಬೇಕು ಅನ್ನುವವರು ಭಾನುವಾರ ಬೆಳಿಗ್ಗೆ ಆರರ ಹೊತ್ತಿಗೆ ಕಾರಹಳ್ಳಿ ಕ್ರಾಸ್‌ಗೆ ಬನ್ನಿ, ಚಹಾ ಅಂಗಡಿ ಹತ್ತಿರ ಇರ್ತೀನಿ. ನನ್ನದನ್ನೇ ಬಿಚ್ಚಿ ನಿಮ್ಮ ಸೈಕಲ್‌ಗೆ ಕಟ್ಟಿಕೊಡ್ತೀನಿ, ಬೆಟ್ಟದ ಬುಡದವರೆಗೆ ಹೋಗಿ ಬನ್ನಿ.