ಡ್ರಮ್ ಮೇಲೆ ಹಸಿರು ಎಲೆ ಇದೆ ಅಂತ ಡ್ರಾಯಿಂಗ್ ಆಯಿಲ್ ತಗೋಬೇಡಿ

ಪೀಣ್ಯದಲ್ಲಿ ನಮ್ಮದೊಂದು ಚಿಕ್ಕ ಪ್ರೆಸ್ ಶಾಪ್. ಎರಡು ಹೈಡ್ರಾಲಿಕ್ ಪ್ರೆಸ್, ಮೂರು ಪವರ್ ಪ್ರೆಸ್, ಹನ್ನೊಂದು ಜನ. ಎಸ್ಎಸ್ 304 ಎಂಬ ಸ್ಟೇನ್‌ಲೆಸ್ ಸ್ಟೀಲ್ ತಗಡನ್ನು ಡೈ ಎಂಬ ಅಚ್ಚಿನೊಳಗೆ ಒತ್ತಿ ಆಳದ ಕಪ್ ಎಳೆಯುವುದು ನಮ್ಮ ಮುಖ್ಯ ಕೆಲಸ. ಎರಡು ವರ್ಷದ ಹಿಂದೆ ಡ್ರಾಯಿಂಗ್ ಆಯಿಲ್, ಅಂದರೆ ಎಳೆಯುವಾಗ ತಗಡಿಗೆ ಹಚ್ಚುವ ಎಣ್ಣೆ, ಬದಲಾಯಿಸಿ ನಾನು ಅನುಭವಿಸಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಪರಿಸರಕ್ಕೆ ಒಳ್ಳೇದು ಅಂತ ಹೇಳಿಕೊಂಡು ಅದೇ ತರಹದ ಎಣ್ಣೆ ಮಾರುವವರು ಈಗಲೂ ನಮ್ಮ ಬೀದಿಯಲ್ಲಿ ಓಡಾಡುತ್ತಿದ್ದಾರೆ. ನಿಮ್ಮ ಶಾಪಿಗೂ ಬಂದಿರಬಹುದು.

ನಾನು ಎಣ್ಣೆ ಬದಲಾಯಿಸಲು ಹೊರಟಿದ್ದು ಒಳ್ಳೆಯ ಉದ್ದೇಶದಿಂದಲೇ. ಹಳೇ ಎಣ್ಣೆ ಕಪ್ಪಗಿತ್ತು, ವಾಸನೆ ಜಾಸ್ತಿ, ನೆಲ ಯಾವಾಗಲೂ ಜಾರುತ್ತಿತ್ತು. ಹುಡುಗರ ಬಟ್ಟೆ ನೋಡಿದರೆ ಬೇಜಾರಾಗುತ್ತಿತ್ತು. ಆಗ ಒಬ್ಬ ಸಪ್ಲೈಯರ್ ಬಂದರು. "ಸರ್, ಇದು ಬಯೋ ಬೇಸ್ಡ್, ಗಿಡದ ಎಣ್ಣೆಯಿಂದ ಮಾಡಿದ್ದು, ಪರಿಸರಕ್ಕೂ ಒಳ್ಳೇದು, ನಿಮ್ಮ ಹುಡುಗರ ಕೈಗೂ ಒಳ್ಳೇದು" ಅಂದರು. ಡ್ರಮ್ ಮೇಲೆ ಹಸಿರು ಎಲೆಯ ಚಿತ್ರ. ಜೊತೆಗೆ ಒಂದೇ ಹಾಳೆಯ ಬ್ರೋಷರ್. ಎಂಎಸ್‌ಡಿಎಸ್ (ಎಣ್ಣೆಯಲ್ಲಿ ಏನಿದೆ, ಏನು ಅಪಾಯ ಎಂದು ತಿಳಿಸುವ ಸುರಕ್ಷತಾ ಪತ್ರ) ಕೇಳಿದೆ. "ಕಳಿಸ್ತೀನಿ ಸರ್" ಅಂದವರು ಕಳಿಸಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಮೊದಲ ತಪ್ಪು ಅಲ್ಲೇ ಆಯಿತು.

ಟ್ರಯಲ್ ಮಾತ್ರ ಅದ್ಭುತವಾಗಿ ಬಂತು. 304 ಎಳೆಯುವ ಕಷ್ಟ ಈ ಕೆಲಸ ಮಾಡುವವರಿಗೆ ಗೊತ್ತು. ಎಳೆದಷ್ಟೂ ಗಟ್ಟಿಯಾಗುತ್ತದೆ. ಮೇಲಿನ ತೆಳು ಪೊರೆ ಹರಿದು ಒಳಗಿನ ಬರಿ ಲೋಹ ಡೈಗೆ ತಾಗಿತೆಂದರೆ ಅಲ್ಲೇ ಅಂಟಿಕೊಳ್ಳುತ್ತದೆ. ಆಮೇಲೆ ಬರುವ ಪ್ರತಿ ಕಪ್ಪಿಗೂ ಉದ್ದುದ್ದ ಗೀರು. ಹಳೇ ಎಣ್ಣೆಯಲ್ಲಿ ಮೂವತ್ತು ನಲವತ್ತು ಕಪ್ಪಿಗೊಮ್ಮೆ ಪ್ರೆಸ್ ನಿಲ್ಲಿಸಿ ಡೈ ರಿಂಗ್ ಪಾಲಿಶ್ ಮಾಡಬೇಕಿತ್ತು. ಈ ಹೊಸ ಎಣ್ಣೆಯಲ್ಲಿ ಇಡೀ ಶಿಫ್ಟ್ ಒಂದು ಗೀರೂ ಬೀಳಲಿಲ್ಲ. ಎರಡು ಬ್ಯಾರಲ್ ಆರ್ಡರ್ ಕೊಟ್ಟುಬಿಟ್ಟೆ.

ಮೊದಲು ಮಾತಾಡಿದ್ದು ನಮ್ಮ ಹಾವೇರಿ ಕಡೆಯ ಆಪರೇಟರ್. ಮೂರನೇ ವಾರ ಇರಬೇಕು. "ಕೈ ಭಾಳ ತುರಸಾಕ ಹತ್ಯಾವ್ರಿ ಸರ" ಅಂತ ತೋರಿಸಿದರು. ಬೆರಳ ಸಂದಿಯಲ್ಲಿ ಚರ್ಮ ಒಣಗಿ ಬಿರುಕು ಬಿಟ್ಟಿತ್ತು, ಮುಂಗೈ ಮೇಲೆ ಸಣ್ಣ ಸಣ್ಣ ಗುಳ್ಳೆ. ಬಿಸಿಲಿಗೆ ಇರಬಹುದು ಅಂದುಕೊಂಡು ಗ್ಲೌಸ್ ಕೊಟ್ಟು ಸುಮ್ಮನಾದೆ. ಅವರು ಇನ್ನೊಂದು ಮಾತನ್ನೂ ಹೇಳಿದ್ದರು. "ಬಕೆಟ್ನ್ಯಾಗ ಕೈ ತೊಳದ್ರ ಈ ಎಣ್ಣಿ ತೇಲಂಗಿಲ್ರಿ, ತಳಕ್ಕ ಕೂರತೈತಿ." ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಆ ದಿನವೇ ಕೂತು ಯೋಚನೆ ಮಾಡಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು.

ಗಿಡದ ಎಣ್ಣೆ ನೀರಿನ ಮೇಲೆ ತೇಲಬೇಕು ಅಲ್ವಾ? ಹೊಂಗೆ, ಹರಳು, ಕಡಲೆ, ಯಾವುದೇ ಆಗಲಿ ತೇಲುತ್ತದೆ. ಪೆಟ್ರೋಲಿಯಂ ಎಣ್ಣೆಯೂ ತೇಲುತ್ತದೆ. ಡ್ರಾಯಿಂಗ್ ಆಯಿಲ್‌ಗೆ ಬೆರೆಸುವ ಸಾಮಾನುಗಳಲ್ಲಿ ನೀರಿಗಿಂತ ಭಾರವಾಗಿದ್ದು ಎಣ್ಣೆಯನ್ನು ಹೀಗೆ ತಳಕ್ಕೆ ಎಳೆಯುವುದು ಅಂದರೆ ಮುಖ್ಯವಾಗಿ ಕ್ಲೋರಿನೇಟೆಡ್ ಪ್ಯಾರಾಫಿನ್. ಬಿಲ್ಲಿನಲ್ಲೂ ಸುಳಿವು ಇತ್ತು. 210 ಲೀಟರ್ ಬ್ಯಾರಲ್‌ನಲ್ಲಿ ಮಾಮೂಲಿ ಎಣ್ಣೆ ಸುಮಾರು 190 ಕೆಜಿ ತೂಗುತ್ತದೆ. ಈ ಬಿಲ್ಲಿನಲ್ಲಿ 230 ಕೆಜಿ ಅಂತ ಬರೆದಿತ್ತು. ರೇಟ್ ಮಾತ್ರ ನೋಡಿದೆ, ತೂಕ ನೋಡಲಿಲ್ಲ.

ಈ ಕ್ಲೋರಿನೇಟೆಡ್ ಪ್ಯಾರಾಫಿನ್ ಎಳೆತಕ್ಕೆ ಬಹಳ ಒಳ್ಳೆಯದು, ಅದನ್ನು ಒಪ್ಪಿಕೊಳ್ಳಲೇಬೇಕು. ಡೈ ಮತ್ತು ತಗಡು ಉಜ್ಜುವ ಜಾಗದಲ್ಲಿ ಬಿಸಿ ಏರಿದಾಗ ಅದರೊಳಗಿನ ಕ್ಲೋರಿನ್ ಲೋಹದ ಜೊತೆ ಸೇರಿ ತೆಳುವಾದ ಒಂದು ಪದರ ಕಟ್ಟುತ್ತದೆ. ಆ ಪದರ ಎರಡು ಲೋಹಗಳನ್ನು ಅಂಟಲು ಬಿಡುವುದಿಲ್ಲ. ಅದಕ್ಕೇ ದಶಕಗಳಿಂದ ಎಲ್ಲರೂ ಬಳಸುತ್ತಿದ್ದರು. ಆದರೆ ಮಣ್ಣು ನೀರಿಗೆ ಸೇರಿದರೆ ಅದು ಬೇಗ ಕೊಳೆತು ಹೋಗುವ ವಸ್ತು ಅಲ್ಲ. ಜೀವಿಗಳ ಮೈಯಲ್ಲಿ ಸೇರಿಕೊಳ್ಳುತ್ತಾ ಹೋಗುತ್ತದೆ. ಸ್ಟಾಕ್‌ಹೋಮ್ ಎಂಬ ಅಂತರರಾಷ್ಟ್ರೀಯ ಒಪ್ಪಂದದಲ್ಲಿ 2017ರಲ್ಲೇ ಇದರ ಗಿಡ್ಡ ಸರಪಳಿಯ ಜಾತಿಯನ್ನು ನಿಲ್ಲಿಸಬೇಕಾದ ವಸ್ತುಗಳ ಪಟ್ಟಿಗೆ ಹಾಕಿದರು. 2025ರಲ್ಲಿ ಮಧ್ಯಮ ಸರಪಳಿಯದ್ದನ್ನೂ ಸೇರಿಸಿದರು, ಕೆಲವು ಬಳಕೆಗಳಿಗೆ ಸ್ವಲ್ಪ ಕಾಲ ವಿನಾಯಿತಿ ಕೊಟ್ಟು. ನೀವು ರಫ್ತು ಮಾಡುವ ಪಾರ್ಟಿಗೆ ಜಾಬ್ ಮಾಡುತ್ತಿದ್ದರೆ ಇವತ್ತಲ್ಲ ನಾಳೆ ಅವರು ಇದನ್ನು ಕೇಳಿಯೇ ಕೇಳುತ್ತಾರೆ.

ಸಪ್ಲೈಯರ್ ಪೂರ್ತಿ ಸುಳ್ಳು ಹೇಳಿರಲಿಲ್ಲ. ಮೂಲ ಎಣ್ಣೆ ಗಿಡದ್ದೇ ಇತ್ತಂತೆ. ಅದಕ್ಕೆ ಬೆರೆಸಿದ್ದನ್ನು ಮಾತ್ರ ಹೇಳಿರಲಿಲ್ಲ. "ಬಯೋ ಬೇಸ್ಡ್" ಅನ್ನಲು ಒಂದು ಭಾಗ ಗಿಡದ್ದಾದರೂ ಸಾಕು, ಉಳಿದದ್ದರ ಬಗ್ಗೆ ಆ ಪದ ಏನನ್ನೂ ಹೇಳುವುದಿಲ್ಲ. ದಯವಿಟ್ಟು ಇದೊಂದನ್ನು ನೆನಪಿಟ್ಟುಕೊಳ್ಳಿ.

ಇಷ್ಟಕ್ಕೇ ನಿಂತಿದ್ದರೆ ಬರೆಯುತ್ತಿರಲಿಲ್ಲ. ಅಂಟಂಟಾದ ಆ ಎಣ್ಣೆ ನಮ್ಮ ಬಿಸಿ ಸೋಡಾ ನೀರಿನ ತೊಟ್ಟಿಯಲ್ಲಿ ಹೋಗಲೇ ಇಲ್ಲ. ಕಪ್ಪಿನ ಒಳಮೂಲೆಯಲ್ಲಿ ಬೆರಳಿಟ್ಟರೆ ಜಿಡ್ಡು. ನಮ್ಮ ಕಪ್ ಎರಡು ಎಳೆತದಲ್ಲಿ ಆಗುತ್ತದೆ. ನಡುವೆ, ಗಟ್ಟಿಯಾದ ಲೋಹವನ್ನು ಕಾಯಿಸಿ ಮೆತ್ತಗೆ ಮಾಡುವ ಅನೀಲಿಂಗ್‌ಗೆ ಹೊರಗೆ ಕಳಿಸುತ್ತೇವೆ, ಅಲ್ಲಿ ಸಾವಿರ ಡಿಗ್ರಿಗೂ ಮೇಲೆ ಕಾಯಿಸುತ್ತಾರೆ. ಫರ್ನೇಸ್‌ನವರು ಫೋನ್ ಮಾಡಿ ರೇಗಿದರು. "ಏನು ಹಚ್ಚಿ ಕಳಿಸ್ತಿದೀರಿ ಸರ್, ಬಾಗಿಲು ತೆಗೆದರೆ ಕಣ್ಣು ಮೂಗು ಉರಿಯುತ್ತೆ." ಉರಿಯದೆ ಇರುತ್ತದೆಯೇ? ಉಳಿದ ಎಣ್ಣೆ ಸುಟ್ಟಾಗ ಹೊರಗೆ ಬರುವುದು ಹೈಡ್ರೋಕ್ಲೋರಿಕ್ ಆಸಿಡ್ ಹೊಗೆ.

ಜಿಡ್ಡು ಹೋಗಲಿ ಅಂತ ಯಾರದೋ ಮಾತು ಕೇಳಿ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ತಂದೆ. ಒಂದು ತಿಂಗಳು ಅದರಲ್ಲಿ ಅದ್ದಿ ತೊಳೆದೆವು. ಜಿಡ್ಡು ನಿಮಿಷದಲ್ಲಿ ಹೋಗುತ್ತಿತ್ತು. ತೊಳೆಯುತ್ತಿದ್ದ ಹೆಲ್ಪರ್ ಹುಡುಗ ಮಧ್ಯಾಹ್ನದ ಹೊತ್ತಿಗೆ ತಲೆ ಸುತ್ತುತ್ತದೆ ಅಂತ ಹೊರಗೆ ಹೋಗಿ ಕಟ್ಟೆ ಮೇಲೆ ಕೂರುತ್ತಿದ್ದ. ಈ ದ್ರಾವಕ, ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಮೊದಲನೇ ಗುಂಪಿನಲ್ಲಿ ಇಟ್ಟಿರುವ ವಸ್ತು. ಅದರ ಆವಿ ವೆಲ್ಡಿಂಗ್ ಆರ್ಕ್ ಹತ್ತಿರ ಹೋದರೆ ಫಾಸ್ಜೀನ್ ಎಂಬ ವಿಷಾನಿಲ ಆಗಬಹುದು. ನಮ್ಮ ಟಿಗ್ ವೆಲ್ಡಿಂಗ್ ಟೇಬಲ್ ತೊಟ್ಟಿಯಿಂದ ನಾಲ್ಕೇ ಹೆಜ್ಜೆ. ಇದು ಗೊತ್ತಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಬೆಳಿಗ್ಗೆಯೇ ತೊಟ್ಟಿ ಮುಚ್ಚಿಸಿದೆ. ಆ ಹುಡುಗನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಸದ್ಯ ಆರಾಮಾಗಿದ್ದಾನೆ.

ಒಂದು ಎಣ್ಣೆ ಇಷ್ಟೆಲ್ಲ ಬಾಲ ಕಟ್ಟಿಕೊಂಡು ಬರುತ್ತದೆ. ಎಣ್ಣೆ ಆರಿಸುವಾಗ ನಾವು ಪ್ರೆಸ್ ಹತ್ತಿರ ನಿಂತು ನೋಡುತ್ತೇವೆ. ಆದರೆ ಅದನ್ನು ಯಾವುದರಲ್ಲಿ ತೊಳೆಯುತ್ತೇವೆ, ತೊಳೆದ ಮೇಲೂ ಏನು ಉಳಿಯುತ್ತದೆ, ಬೆಂಕಿಗೆ ಹೋದರೆ ಏನಾಗುತ್ತದೆ, ಕೊನೆಗೆ ಎಲ್ಲಿ ಸುರಿಯುತ್ತೇವೆ, ಇದನ್ನೆಲ್ಲ ಸೇರಿಸಿ ಆರಿಸಬೇಕಿತ್ತು.

ಕೊನೇ ಪೆಟ್ಟು ಮಳೆಗಾಲದಲ್ಲಿ ಬಿತ್ತು. ಪಾರ್ಟಿ ಗೋಡೌನಿನಲ್ಲಿ ಪ್ಯಾಕ್ ಆಗಿದ್ದ 600 ಕಪ್ ವಾಪಸ್ ಬಂದವು. ನಿಪ್ಪಲ್ (ಚಿಕ್ಕ ಕೊಳವೆ ತುಂಡು) ವೆಲ್ಡ್ ಆದ ಸಂದಿಯಲ್ಲಿ ಟೀ ಕಲೆಯಂಥ ಕಂದು ಚುಕ್ಕೆಗಳು. ಉಗುರಿನಿಂದ ಕೆರೆದರೆ ಕೆಳಗೆ ಸೂಜಿಮೊನೆಯಷ್ಟು ಗುಂಡಿ. ಉಳಿದ ಎಣ್ಣೆಯ ಕ್ಲೋರಿನ್‌ನಿಂದ ಆದ ಕ್ಲೋರೈಡ್ ಸಂದಿಯಲ್ಲಿ ಕೂತು, ಮೇಲೆ ತೇವ ಸೇರಿದರೆ 304 ಕೂಡ ತಡೆಯುವುದಿಲ್ಲ. ಸ್ಟೇನ್‌ಲೆಸ್ ಅಂದ ಮಾತ್ರಕ್ಕೆ ತುಕ್ಕೇ ಹಿಡಿಯುವುದಿಲ್ಲ ಅಂತಲ್ಲ.

ಆಗ ಲ್ಯಾಬಿಗೆ ಎಣ್ಣೆ ಕೊಟ್ಟೆ, ಕ್ಲೋರಿನ್ ಇದೆ ಎಂದು ರಿಪೋರ್ಟ್ ಬಂತು. ಅದಕ್ಕೂ ಮೊದಲು ನಮ್ಮ ಟೂಲ್ ರೂಮ್ ಹಿರಿಯರು ಒಂದು ಪರೀಕ್ಷೆ ಮಾಡಿ ತೋರಿಸಿದ್ದರು. ತಾಮ್ರದ ತಂತಿಯ ತುದಿಯನ್ನು ಗ್ಯಾಸ್ ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿದರು. ಜ್ವಾಲೆಗೆ ಬಣ್ಣ ಬರುವುದು ನಿಲ್ಲುವ ತನಕ ಕಾಯಿಸಿ, ತಂತಿ ತಣಿಸಿ, ತುದಿಗೆ ಒಂದೇ ಹನಿ ಎಣ್ಣೆ ಮುಟ್ಟಿಸಿ ಮತ್ತೆ ಹಿಡಿದರು. ಜ್ವಾಲೆ ಗಿಳಿ ಹಸಿರಾಯಿತು. ಹಳೇ ಎಣ್ಣೆ ಹಚ್ಚಿ ಹಿಡಿದರೆ ಮಾಮೂಲಿ ಹಳದಿ. ಇದನ್ನು ಮಾಡುವುದಾದರೆ ಬಯಲಲ್ಲೇ ಮಾಡಿ, ಒಂದು ಹನಿಗಿಂತ ಹೆಚ್ಚು ಬೇಡ, ಆ ಹೊಗೆಯೂ ಒಳ್ಳೆಯದಲ್ಲ. ಬೇರೆ ಕೆಲವು ವಸ್ತುಗಳಿಗೂ ಹಸಿರು ಬರುವುದುಂಟು, ಆದ್ದರಿಂದ ಹಸಿರು ಕಂಡರೆ ಲ್ಯಾಬಿಗೆ ಕೊಡಿ. ಸ್ಟೀಲ್ ಲೋಟದ ನೀರಿಗೆ ಒಂದು ಹನಿ ಬಿಟ್ಟು ನೋಡುವುದು ಇನ್ನೂ ಸುಲಭ. ಮುಳುಗಿದರೆ ಡ್ರಮ್ ವಾಪಸ್ ಕಳಿಸಿ. ತೇಲಿತು ಅಂತ ನಿಶ್ಚಿಂತೆ ಆಗಬೇಡಿ, ಸ್ವಲ್ಪ ಮಾತ್ರ ಬೆರೆಸಿದ್ದರೆ ತೇಲಿಯೇ ತೇಲುತ್ತದೆ.

ಹಾಗಾಗಿ ಕಾಗದ ಬೇಕೇ ಬೇಕು. ಎಂಎಸ್‌ಡಿಎಸ್‌ನಲ್ಲಿ ಒಟ್ಟು 16 ಭಾಗ ಇರುತ್ತವೆ. ಮೂರನೇ ಭಾಗದಲ್ಲಿ ಏನೇನು ಬೆರೆಸಿದೆ ಎಂದು ಇರುತ್ತದೆ. ಅಲ್ಲಿ 63449-39-8, 85535-84-8 ಅಥವಾ 85535-85-9 ಎಂಬ ನಂಬರ್ (ರಾಸಾಯನಿಕದ ಗುರುತಿನ ಸಂಖ್ಯೆ) ಕಂಡರೆ ಅದು ಕ್ಲೋರಿನೇಟೆಡ್ ಪ್ಯಾರಾಫಿನ್. ಒಂಬತ್ತನೇ ಭಾಗದಲ್ಲಿ ಸಾಂದ್ರತೆ ನೋಡಿ, ಒಂದರ (ನೀರಿನ ಸಾಂದ್ರತೆ) ಹತ್ತಿರ ಅಥವಾ ಮೇಲಿದ್ದರೆ ಯಾಕೆ ಎಂದು ಕೇಳಿ. "ಟ್ರೇಡ್ ಸೀಕ್ರೆಟ್" ಅಂದರೆ, ಕ್ಲೋರಿನ್ ಇಲ್ಲ ಎಂದು ಲೆಟರ್‌ಹೆಡ್ ಮೇಲೆ ಬರೆದುಕೊಡಿ ಅನ್ನಿ. ಇಲ್ಲದೇ ಇರುವುದನ್ನು ಇಲ್ಲ ಎಂದು ಬರೆಯಲು ಯಾವ ಸೀಕ್ರೆಟ್ಟೂ ಅಡ್ಡ ಬರುವುದಿಲ್ಲ. "ಬಯೋಡಿಗ್ರೇಡಬಲ್" ಎಂದರೆ ಯಾವ ಪರೀಕ್ಷೆಯಲ್ಲಿ ಎಂದು ಕೇಳಿ. ಒಇಸಿಡಿ 301 ಎಂಬ ಪರೀಕ್ಷಾ ಸಾಲಿನಲ್ಲಿ 28 ದಿನದಲ್ಲಿ ಶೇ. 60 ಅಥವಾ 70ರಷ್ಟು (ಯಾವ ವಿಧಾನ ಎನ್ನುವುದರ ಮೇಲೆ) ಕೊಳೆತು ಒಡೆಯಬೇಕು. ಆ ನಂಬರ್ ಹೇಳಲು ಬಾರದವರ ಹತ್ತಿರ ಬರೀ ಪದ ಇದೆ ಎಂದು ತಿಳಿಯಿರಿ.

ಆಮೇಲೆ ನಾನು ಇನ್ನೊಂದು ತುದಿಗೆ ಹೋಗಿ, ಏನನ್ನೂ ಬೆರೆಸದ ಬರೀ ಗಿಡದ ಎಣ್ಣೆ ತಂದು ಕೈ ಸುಟ್ಟುಕೊಂಡೆ. ಶನಿವಾರ ಬ್ಲ್ಯಾಂಕಿಗೆ (ಎಳೆಯಲು ಕತ್ತರಿಸಿಟ್ಟ ತಗಡಿಗೆ) ಹಚ್ಚಿದ ಎಣ್ಣೆ ಸೋಮವಾರ ಬರುವಷ್ಟರಲ್ಲಿ ವಾರ್ನಿಷ್ ಹಾಗೆ ಗಟ್ಟಿಯಾಗಿತ್ತು. ನೀರಿಗೆ ಕಲಸುವ ಕಂಪೌಂಡನ್ನೂ ನೋಡಿದೆ. ನಮ್ಮ ಬೋರ್‌ವೆಲ್ ಗಡುಸು ನೀರಿಗೆ ಕಲಸಿದರೆ ಮೊಸರು ಒಡೆದ ಹಾಗೆ ಆಗುತ್ತಿತ್ತು. ಆರ್‌ಒ ನೀರಿನಲ್ಲಿ ಕಲಸಿದ ಮೇಲೆ ಸರಿಹೋಯಿತು. ಈಗ ಚಿಕ್ಕ, ಆಳ ಕಡಿಮೆ ಇರುವ ಜಾಬ್‌ಗಳೆಲ್ಲ ಅದರಲ್ಲೇ ನಡೆಯುತ್ತವೆ.

ಆಳದ ಕಪ್ಪಿಗೆ ನಿಜವಾದ ದಾರಿ ಸಿಕ್ಕಿದ್ದು ಎಣ್ಣೆಯಲ್ಲಿ ಅಲ್ಲ, ಡೈನಲ್ಲಿ. ಡಿ2 ಸ್ಟೀಲ್ ರಿಂಗ್ ತೆಗೆದು ಅಲ್ಯುಮಿನಿಯಂ ಬ್ರಾಂಜ್ ರಿಂಗ್ ಹಾಕಿದೆವು. 304 ತಗಡು ಸ್ಟೀಲ್ ರಿಂಗಿಗೆ ಅಂಟಿದ ಹಾಗೆ ಬ್ರಾಂಜಿಗೆ ಅಂಟುವುದಿಲ್ಲ. ರಿಂಗ್ ಬೇಗ ಸವೆಯುತ್ತದೆ ನಿಜ, ಆದರೆ ಸವೆದರೆ ತಿರುಗಿ ಟರ್ನಿಂಗ್ ಮಾಡಿಕೊಳ್ಳಬಹುದು. ಅಂಟುವುದೇ ಕಡಿಮೆಯಾದ ಮೇಲೆ ಅಷ್ಟು ಉಗ್ರವಾದ ಎಣ್ಣೆಯ ಅಗತ್ಯವೇ ಉಳಿಯಲಿಲ್ಲ. ಕ್ಲೋರಿನ್ ಇಲ್ಲದ, ಎಸ್ಟರ್ ಮತ್ತು ಗಂಧಕ ಸೇರಿಸಿದ ಎಣ್ಣೆ ಸಾಕಾಯಿತು, ಅದು ಸೋಡಾ ನೀರಲ್ಲೇ ಹೋಗುತ್ತದೆ. ಹಿತ್ತಾಳೆ ಕೆಲಸವೂ ಮಾಡುವವರು ಗಂಧಕದ ಎಣ್ಣೆ ತರುವ ಮುನ್ನ ತಾಮ್ರದ ಪಟ್ಟಿ ಪರೀಕ್ಷೆಯ ರಿಪೋರ್ಟ್ ಕೇಳಿ, ಇಲ್ಲದಿದ್ದರೆ ಹಿತ್ತಾಳೆ ಕಪ್ಪಾಗುತ್ತದೆ. ಹೊರಮೈ ಹೊಳೆಯಲೇಬೇಕಾದ ಜಾಬ್‌ಗೆ ಡೈ ಕಡೆ ಪಾಲಿಥೀನ್ ಫಿಲ್ಮ್ ಅಂಟಿಸಿದ ತಗಡನ್ನೇ ತರಿಸುತ್ತೇವೆ. ಪಿವಿಸಿ ಫಿಲ್ಮ್ ಬೇಡ, ಅದರಲ್ಲೂ ಕ್ಲೋರಿನ್ ಇದೆ. ಫರ್ನೇಸಿಗೆ ಕಳಿಸುವ ಮುನ್ನ ಫಿಲ್ಮ್ ಚೂರೂ ಬಿಡದೆ ಕಿತ್ತುಹಾಕಬೇಕು.

ಲೀಟರ್ ಲೆಕ್ಕದಲ್ಲಿ ಈ ಎಣ್ಣೆ ದುಬಾರಿ. ವಾಪಸ್ ಬಂದ ಕಪ್‌ಗಳು, ತೊಟ್ಟಿ, ಡಾಕ್ಟರ್ ಖರ್ಚು ಲೆಕ್ಕ ಹಾಕಿದರೆ ಆ ಹಸಿರು ಎಲೆಯ ಎಣ್ಣೆಯೇ ದುಬಾರಿ. ಕೈ ತುರಿಕೆ ಎರಡು ತಿಂಗಳಲ್ಲಿ ಪೂರ್ತಿ ನಿಂತಿತು.

ಇಂಥ ಬ್ಯಾರಲ್ ಈಗಾಗಲೇ ನಿಮ್ಮ ಸ್ಟೋರಿನಲ್ಲಿದ್ದರೆ ಒಂದು ವಿಷಯ. ಚರಂಡಿಗೆ ಬಿಡಬೇಡಿ, ಪೀಣ್ಯದ ಅಂತರ್ಜಲ ಈಗಾಗಲೇ ಕ್ರೋಮಿಯಂನಿಂದ ಕೆಟ್ಟಿದೆ. ಸುಡುವುದಕ್ಕೆ ಬೇಕು ಅಂತ ಕೇಳಿಕೊಂಡು ಬರುವವರಿಗೂ ಕೊಡಬೇಡಿ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಬಳಸಿದ ಎಣ್ಣೆಯನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಇರುವವರಿಗೇ, ಫಾರ್ಮ್ 10 (ಸಾಗಣೆ ಚೀಟಿ) ಬರೆದು ಕೊಡಬೇಕು. ಮತ್ತೆ, ಈ ಕ್ಲೋರಿನ್ ಎಣ್ಣೆಯನ್ನು ಬೇರೆ ವೇಸ್ಟ್ ಆಯಿಲ್ ಜೊತೆ ಸೇರಿಸಲೇಬೇಡಿ. ನಾವು ಗೊತ್ತಿಲ್ಲದೆ ಒಂದೇ ಬ್ಯಾರಲ್‌ಗೆ ಸುರಿದಿದ್ದೆವು. ಎಣ್ಣೆ ಕೊಳ್ಳಲು ಬಂದ ರೀಸೈಕ್ಲರ್ ಸ್ಯಾಂಪಲ್ ತೆಗೆದು ನೋಡಿ, ಕ್ಲೋರಿನ್ ಸೇರಿದೆ ಎಂದು ಇಡೀ ಬ್ಯಾರಲ್ ಬಿಟ್ಟು ಹೋದರು. ದುಡ್ಡು ಬರಬೇಕಿದ್ದ ಹೈಡ್ರಾಲಿಕ್ ಆಯಿಲ್ ಸಮೇತ ಅಷ್ಟನ್ನೂ ನಾವೇ ದುಡ್ಡು ಕೊಟ್ಟು ಅಪಾಯಕಾರಿ ತ್ಯಾಜ್ಯ ಸುಡುವ ಅಧಿಕೃತ ಘಟಕಕ್ಕೆ ಕಳಿಸಬೇಕಾಯಿತು.